ಮೆಟ್ಟಿಲಿನ ತಿರುವಿನವರೆಗಿನ ಸಿಗ್ನಲ್

ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಟೇಲರಮ್ಮನದು ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅವಳು ಕಾಜಾ ಹೊಲಿದರೆ ತಿರುಗಿಸಿ ನೋಡಿದರೂ ದಾರ ಎಲ್ಲಿ ಶುರುವಾಯಿತೆಂದು ಗೊತ್ತಾಗದು. ಗಂಡ ಹಡಗಿನ ಇಂಜಿನ್ ಕೋಣೆಯಲ್ಲಿ ದುಡಿಯುತ್ತಾನೆ. ಹಡಗು ದಡ ಮುಟ್ಟಿದಾಗ ಮಾತ್ರ ಅವನ ಕರೆ. ಬೆಳಿಗ್ಗೆಯೋ ಮಧ್ಯಾಹ್ನವೋ, ಹೇಳುವಂತಿಲ್ಲ.

ಅವಳ ಫೋನಿಗೆ ಬೇರೆ ನೆಟ್ ಇಲ್ಲ, ಆ ಕರೆ ಬರುವುದು ನಮ್ಮ ವೈಫೈ ಮೇಲೆ. ಕಪಾಟಿನ ಹಿಂದಿದ್ದ ಹಳೆಯ ರೂಟರಿನ ಸಿಗ್ನಲ್ ಮೆಟ್ಟಿಲಿನ ತಿರುವಿನವರೆಗೆ ಹೋಗಿ ನಿಂತುಬಿಡುತ್ತಿತ್ತು. ಹಾಗಾಗಿ ಮಿಷನ್ ಕೆಲಸ ಮೇಲೆ, ಕೈಕೆಲಸ ಮೆಟ್ಟಿಲ ಮೇಲೆ. ಫೋನನ್ನು ಗೋಡೆಗೆ ಒರಗಿಸಿ, ಮಡಿಲಲ್ಲಿ ಬಟ್ಟೆ ಹರಡಿಕೊಂಡು ಗುಂಡಿ ಹಚ್ಚುತ್ತ ಕೂರುತ್ತಿದ್ದಳು. ಕೆಳಗೆ ನಾನು ಬಾಗಿಲು ತೆರೆದಿಟ್ಟು ಕಾಳು ಆರಿಸುತ್ತಿದ್ದೆ. ಮಾತು ಅಷ್ಟಕ್ಕಷ್ಟೆ. ಆದರೂ ಮಧ್ಯಾಹ್ನ ಸರಿಯುತ್ತಿತ್ತು. ನಮ್ಮ ಯಜಮಾನರು ಹೋದಮೇಲೆ ನನಗೆ ಇನ್ನೊಬ್ಬರು ಕೆಮ್ಮಿದರೂ ಮನೆ ತುಂಬಿದಂತೆ.

ವಿಡಿಯೋದಲ್ಲಿ ಮಾತಾಡುವಾಗ ನನ್ನ ಮಗಳ ಮುಖ ಬಾಯಿ ತೆರೆದದ್ದು ತೆರೆದಂತೆಯೇ ನಿಂತುಬಿಡುತ್ತಿತ್ತು. ರೂಟರ್ ಬದಲಾಯಿಸಲೇಬೇಕೆಂದು ಅವಳು ಹಟ ಹಿಡಿದಳು. ವೈಫೈಯವನು ಬಂದ. ಪಾಸ್‌ವರ್ಡ್ ಹಳೆಯ ರೂಟರಿನ ಬೆನ್ನಿಗೇ ಅಂಟಿಕೊಂಡಿದೆ, ಬೀಗದ ಕೈಯನ್ನು ಬಾಗಿಲಿಗೇ ತೂಗುಹಾಕಿದ ಹಾಗಾಯಿತು ಎಂದು ನಕ್ಕ. ಹೊಸದನ್ನು ನಡುಮನೆಯ ಗೋಡೆಯ ಮೇಲೆ ಎತ್ತರದಲ್ಲಿ ಕೂರಿಸಿ, ಹೊಸ ಪಾಸ್‌ವರ್ಡ್ ಹಾಕಿ ನನಗೆ ಬಾಯಿಪಾಠ ಮಾಡಿಸಿದ. ಹೊರಡುವಾಗ ಬಾಗಿಲಲ್ಲಿ ನಿಂತು ದೊಡ್ಡ ದನಿಯಲ್ಲಿ ಹೇಳಿದ:

"ಅಜ್ಜಿ, ಬೀದಿಯವರೆಲ್ಲ ನಿಮ್ಮ ನೆಟ್ ಬಿಟ್ಟಿಯಾಗಿ ಬಳಸ್ತಿದ್ರು. ಎಲ್ಲರನ್ನೂ ಹೊರಗೆ ಹಾಕಿದೀನಿ. ಇನ್ನು ಯಾರಿಗೂ ಕೊಡಬೇಡಿ."

ಟೇಲರಮ್ಮ ಆಗ ದಾರದ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ನನ್ನ ಕಡೆ ತಲೆಯಾಡಿಸಿ ಮೇಲೆ ಹೋದಳು.

ಮರುದಿನ ತಿರುವಿನಲ್ಲಿ ಅವಳಿಲ್ಲ. ಅದರ ಮರುದಿನವೂ ಇಲ್ಲ. ಒಮ್ಮೆ ನಮ್ಮ ವೈಫೈಗೆ ಸೇರಿದ ಫೋನಿಗೆ ಹೊಸ ಪಾಸ್‌ವರ್ಡ್ ಬೇಕಾಗದೆಂದು ತಿಳಿದಿದ್ದೆ. ಸಿಗ್ನಲ್ ಕೋಣೆಗೇ ಮುಟ್ಟಿರಬೇಕು, ಇನ್ನೇಕೆ ಇಳಿದಾಳು ಎಂದುಕೊಂಡೆ. ಒಳ್ಳೆಯದೇ ಆಯಿತು ಎಂದರೂ ಕಣ್ಣು ಮೆಟ್ಟಿಲ ಕಡೆಗೇ. ಮೇಲೆ ಮಿಷನ್ ಒಂದೇ ಸಮ ಓಡುತ್ತಿತ್ತು. ಕರೆಗೆ ಕಾಯುವವಳಾದರೆ ನಡುನಡುವೆ ನಿಲ್ಲಿಸಿ ಕಿವಿಗೊಡಬೇಡವೆ?

ದಿಂಬಿನ ಚೀಲವೊಂದರ ನೆಪ ಹಿಡಿದು ಹತ್ತಿದೆ. ಅವಳ ಫೋನು ಬಟ್ಟೆಯ ತುಂಡುಗಳ ಕೆಳಗೆ ಬೋರಲು ಬಿದ್ದಿತ್ತು.

"ಯಜಮಾನರ ಫೋನ್ ಬಂತೇನಮ್ಮಾ?"

"ನೆಟ್ ಇಲ್ವಲ್ಲ ಅಜ್ಜಿ." ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು. "ಎಲ್ಲರನ್ನೂ ಹೊರಗೆ ಹಾಕಿಸಿದ್ರಲ್ಲ."

"ಆ ಎಲ್ಲರಲ್ಲಿ ನೀನೂ ಸೇರಿದ್ಯಾ, ಹುಚ್ಚಿ? ಕೇಳೋಕೇನು, ಬಾಯಿಗೂ ಹೊಲಿಗೆ ಹಾಕ್ಕೊಂಡಿದ್ಯಾ?"

"ಇಷ್ಟು ದಿನ ಕೊಟ್ರಿ. ಸಾಕು ಅಂದವರನ್ನ ಮತ್ತೆ ಹೇಗೆ ಕೇಳ್ಲಿ?"

ನಾನು ಪಾಸ್‌ವರ್ಡಿನ ಒಂದೊಂದೇ ಅಕ್ಷರ ಹೇಳಿದೆ, ಅವಳು ಒತ್ತಿದಳು. ಫೋನು ನಡುಗಿತು. ಸಂದೇಶಗಳು ಒಂದರ ಮೇಲೊಂದು ಬಿದ್ದವು. ಹಡಗು ದಡ ಮುಟ್ಟಿತ್ತು, ಅವನು ಮತ್ತೆ ಮತ್ತೆ ಕರೆದಿದ್ದ. ಕೊನೆಗೆ ತನ್ನ ದನಿಯನ್ನೇ ಕಳಿಸಿದ್ದ, ಅದರ ಹಿಂದೆ ಇಂಜಿನ್ನಿನ ಗುಡುಗು.

"ಕೆಲಸ ಜಾಸ್ತಿ ಇರ್ಬೇಕು ನಿಂಗೆ. ಈಗ ಹೊರಟ್ವಿ ಕಣೇ, ಮುಂದಿನ ದಡ ಬಹಳ ದೂರ. ನೀಲಿ ಅಂಗಿದೊಂದು ಗುಂಡಿ ಹೋಗಿದೆ. ಬೇರೆಯವರ ಕೈಲಿ ಹಾಕಿಸ್ಲಿಲ್ಲ."

ತಿರುಗಿ ಕರೆದಳು. ಕರೆ ಹೋಗಲಿಲ್ಲ. ದನಿಯನ್ನು ಇನ್ನೊಮ್ಮೆ ಕೇಳಿದಳು. ಆಮೇಲೆ ಗುಂಡಿಯ ಡಬ್ಬ ಸುರಿದು, ಒಂದೊಂದನ್ನೇ ಬೆಳಕಿಗೆ ಹಿಡಿದು, ಆ ನೀಲಿಗೆ ಹೊಂದುವಂಥದ್ದನ್ನು ಆರಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮರುದಿನ ನಾನು ಕಾಳಿನ ತಟ್ಟೆ ಹಿಡಿದು ಕೂತಾಗ ಅವಳು ತಿರುವಿನಲ್ಲಿ ಬಂದು ಕೂತಳು. ಈಗ ಮೇಲೇ ಸಿಗ್ನಲ್ ಚೆನ್ನಾಗಿ ಬರುತ್ತದಲ್ಲ ಎಂದೆ.

"ಬರುತ್ತೆ ಅಜ್ಜಿ. ಕಾಯೋಕೆ ಇಲ್ಲೇ ರೂಢಿ."

ಫೋನನ್ನು ಗೋಡೆಗೆ ಒರಗಿಸಿದಳು. ಹಡಗು ಇನ್ನೂ ದಡ ಮುಟ್ಟಿಲ್ಲ.