ಆರನೆಯ ಕಾಲಾಣೆ

ನಾಗಲಿಂಗಪ್ಪನವರ ಬಲಗೈ ಹೆಬ್ಬೆರಳಿನ ಉಗುರು ಹೋಗಿದ್ದು ನನ್ನಿಂದ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೊನೆಯಲ್ಲಿ ಹೇಳಿದರೆ ನಾಟಕ ಆಡುತ್ತಿದ್ದಾನೆ ಅನ್ನುತ್ತೀರಿ. ನಾಟಕ ಆಡುವುದೇ ನನ್ನ ಕಸುಬು ಅನ್ನುವುದು ಬೇರೆ ಮಾತು. ಕುಂಬಾರಕೊಪ್ಪಲಿನ ಗಣೇಶನ ಪೆಂಡಾಲುಗಳಲ್ಲಿ ಮಿಮಿಕ್ರಿ ಮಾಡುತ್ತ, ಬಿ.ಕಾಂ.ನ ಒಂದೇ ಪೇಪರನ್ನು ನಾಲ್ಕು ಸಲ ಬರೆದು ಐದನೆಯ ಸಲಕ್ಕೆ ತಯಾರಾಗುತ್ತಿದ್ದ ಮಹಾನುಭಾವ ನಾನು. ನಾಗಲಿಂಗಪ್ಪನವರದು ನಮ್ಮ ಪಕ್ಕದ ಮನೆ.

ಆ ಉಗುರು ಸಾಮಾನ್ಯದ್ದಲ್ಲ. ಉಳಿದ ಒಂಬತ್ತನ್ನೂ ಬುಡಕ್ಕೆ ಕತ್ತರಿಸುತ್ತಿದ್ದವರು ಇದೊಂದನ್ನು ಮಾತ್ರ ಉದ್ದ ಬಿಟ್ಟು, ಸಣ್ಣ ಅರದಲ್ಲಿ ತೀಡಿ, ಕೊಬ್ಬರಿ ಎಣ್ಣೆ ಸವರಿ ಸಾಕಿದ್ದರು. “ಮಕ್ಳ ತಲೆಗೂ ಇಷ್ಟು ಎಣ್ಣೆ ಹಚ್ಲಿಲ್ಲ ಇವ್ರು,” ಎಂದು ಅವರ ಹೆಂಡತಿ ಗಿರಿಜಮ್ಮ ಅಣಕಿಸುತ್ತಿದ್ದರು.

ಅವರಿದ್ದದ್ದು ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ, ಸ್ಟೀಲ್ ತಟ್ಟೆ ಒತ್ತುವ ಪ್ರೆಸ್ಸುಗಳಿಗೆ ಅಚ್ಚು ಕೂರಿಸುವ ಕೆಲಸದಲ್ಲಿ. ಒಮ್ಮೆ ಓಡುತ್ತಿದ್ದ ಪ್ರೆಸ್ಸನ್ನು, ಸದ್ದು ಸರಿಯಿಲ್ಲ ಎಂದು ನಿಲ್ಲಿಸಿಬಿಟ್ಟರಂತೆ. ಸೂಪರ್‌ವೈಸರ್ ಕುಣಿದಾಡಿದ. ಅಚ್ಚು ಬಿಚ್ಚಿ ನೋಡಿದರೆ ಯಾರ ಕಣ್ಣಿಗೂ ಏನೂ ಇಲ್ಲ. ಇವರು ಅಚ್ಚಿನ ಮೇಲೆ ಉಗುರು ಎಳೆದು “ಇಲ್ಲಿ” ಎಂದರು. ಅಲ್ಲಿ ಸೀಮೆಎಣ್ಣೆ ಸವರಿ, ಒರೆಸಿ, ಚಾಕ್‌ಪೀಸಿನ ಪುಡಿ ಉದುರಿಸಿದಾಗ ಕೂದಲೆಳೆಯಂಥ ಒದ್ದೆ ಗೆರೆ ಮೂಡಿತು. “ಇನ್ನೊಂದು ಗಂಟೆ ಓಡ್ಸಿದ್ರೆ ಸಿಡಿದು ಪ್ರೆಸ್ ಮುಂದಿದ್ದ ಹುಡುಗನ ಮಕಕ್ಕೇ ಬಡಿಯೋದು ಕಣಯ್ಯ,” ಎನ್ನುವಾಗ ಉಗುರನ್ನು ಒಮ್ಮೆ ಸವರಿಕೊಳ್ಳುತ್ತಿದ್ದರು.

ನಾಣ್ಯದ ಹುಚ್ಚು ಹತ್ತಿದ್ದೂ ಇದೇ ದಾರಿಯಲ್ಲಿ. ಬೇರೆಯವರು ಬ್ರಿಟಿಷರ ಕಾಲದ ನಾಣ್ಯಗಳಲ್ಲಿ ಚೆಂದದ್ದನ್ನು ಹುಡುಕಿದರೆ ಇವರು ತಪ್ಪಿದ್ದನ್ನು ಹುಡುಕುತ್ತಿದ್ದರು. ರಾಣಿಯ ಮುಖ ಎರಡೆರಡು ಸಲ ಒತ್ತಿಹೋದದ್ದು, ಅಂಚನ್ನು ಯಾರೋ ಕಚ್ಚಿದಂತೆ ಅರೆಯಾದದ್ದು. ಅವರ ಪ್ರಾಣ ಮಾತ್ರ ಐದು ತಾಮ್ರದ ಕಾಲಾಣೆಗಳಲ್ಲಿತ್ತು. ಐದೂ ಒಂದೇ ಅಚ್ಚಿನವು. ಮೊದಲನೆಯದರಲ್ಲಿ ಅಂಚಿನಿಂದ ರಾಣಿಯ ಕಿರೀಟಕ್ಕೆ ಒಂದು ಸಣ್ಣ ಗೆರೆ. ಎರಡನೆಯದರಲ್ಲಿ ಅದು ಕಿವಿಗೆ ಇಳಿದಿದೆ. ಐದನೆಯದರ ಹೊತ್ತಿಗೆ ಕೆನ್ನೆ ಸೀಳಿ ಕತ್ತಿಗೆ ಬಂದಿದೆ.

“ಗೀರಿದ್ರೆ ನಾಣ್ಯ ತಗ್ಗಾಯ್ತದೆ. ಅಚ್ಚು ಬಿರುಕು ಬಿಟ್ರೆ ಆ ಸಂದಿಗೆ ತಾಮ್ರ ನುಗ್ಗಿ ನಾಣ್ಯದ ಮೇಲೆ ಉಬ್ತದೆ. ನೋಡು, ಐದು ಸಲ ಕೂಗ್ಕೊಂಡದೆ ಈ ಅಚ್ಚು. ಒಬ್ಬ ನನ್ಮಗನಾದ್ರೂ ಮೆಷಿನ್ ನಿಲ್ಲಿಸ್ಲಿಲ್ಲ.”

ಆರನೆಯದು ಇರಲೇಬೇಕು ಎನ್ನುವುದು ಅವರ ನಂಬಿಕೆ. ಅಚ್ಚಿನ ಚೂರು ಕಿತ್ತು ಬಿದ್ದು, ಕಿರೀಟದ ಜಾಗದಲ್ಲಿ ಬರೀ ಗಡ್ಡೆ ಎದ್ದಿರುವ ಕಾಲಾಣೆ. ಅದಕ್ಕಾಗಿ ಲಷ್ಕರ್ ಮೊಹಲ್ಲಾದ ಗುಜರಿ ಅಂಗಡಿಗಳ ಡಬ್ಬಗಳನ್ನು ವರ್ಷಗಟ್ಟಲೆ ಜಾಲಾಡಿದ್ದರು.

ತಿಂಗಳಿಗೊಂದು ಭಾನುವಾರ ಊರಿನ ನಾಣ್ಯದವರೆಲ್ಲ ಒಂದು ಶಾಲೆಯ ಹಾಲಿನಲ್ಲಿ ಸೇರುತ್ತಿದ್ದರು. ಅಲ್ಲಿ ನಾಗಲಿಂಗಪ್ಪನವರ ಉಗುರೇ ಹೈಕೋರ್ಟು. “ಗೀರು” ಎಂದರೆ ತಂದವನ ಮುಖ ಬಾಡುತ್ತಿತ್ತು. “ಅಚ್ಚಿಂದು” ಎಂದರೆ ಅವನೇ ಎಲ್ಲರಿಗೂ ಕಾಫಿ ಕೊಡಿಸುತ್ತಿದ್ದ. ನಾನು ಅವರ ಮನೆಗೆ ಬಂದು ಕತ್ತು ಓರೆ ಮಾಡಿ, ಒಂದು ಕಣ್ಣು ಮುಚ್ಚಿ, ಗಿರಿಜಮ್ಮನವರ ಚಕ್ಕುಲಿಯ ಮೇಲೆ ಉಗುರೆಳೆದು, “ಇದು ಅಚ್ಚಿನ ದೋಷ ಕಣಮ್ಮ, ಹಿಟ್ಟಿಂದಲ್ಲ” ಎಂದು ಅವರ ದನಿಯಲ್ಲೇ ತೀರ್ಪು ಕೊಡುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ನಾಗಲಿಂಗಪ್ಪನವರೇ.

ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಸಕ್ಕರೆ ಕಾಯಿಲೆ ಕಣ್ಣನ್ನು ತಿನ್ನತೊಡಗಿತು. ಭೂತಗನ್ನಡಿ ಮೂಲೆ ಸೇರಿತು. ಉಳಿದದ್ದು ಉಗುರು ಮಾತ್ರ. “ಆರನೇದು ಸಿಕ್ಕೋ ಅಷ್ಟರಲ್ಲಿ ಪೂರ್ತಿ ಕತ್ತಲೆ ಆಗೋಯ್ತದೇನೋ,” ಎಂದರು ಒಂದು ಸಂಜೆ. ನನಗೆ ಕರುಳು ಚುರುಕ್ ಎಂದಿತು ಎಂದು ಈಗ ಹೇಳಿಕೊಳ್ಳುತ್ತೇನೆ. ಅರ್ಧ ನಿಜ. ಇನ್ನರ್ಧಕ್ಕೆ ಅವರ ಖುಷಿಯ ಮುಖ ಬೇಕಿತ್ತು, ಅಣಕಿಸುವುದಕ್ಕೆ.

ಪಾತ್ರೆ ಬೆಸುಗೆಯ ಗೆಳೆಯನೊಬ್ಬನ ಕೈಯಲ್ಲಿ, ಮುಖವೆಲ್ಲ ಸವೆದ ಒಂದು ಕಾಲಾಣೆಯ ಅಂಚಿಗೆ ಹಿತ್ತಾಳೆಯ ಗಡ್ಡೆ ಕೂರಿಸಿದೆ. ಉಜ್ಜಿಸಿದೆ. ಹಳೆಯ ಬಣ್ಣ ಹತ್ತಲೆಂದು ಗೊಬ್ಬರದ ಗುಂಡಿಯಲ್ಲಿ ಹದಿನೈದು ದಿನ ಹೂತಿಟ್ಟೆ. ಗುಜರಿಯಲ್ಲಿ ಸಿಕ್ಕಿತೆಂದು ತಂದು ಅವರ ಅಂಗೈಯಲ್ಲಿಟ್ಟಾಗ ಉಗುರು ಗಡ್ಡೆಯ ಸುತ್ತ ಒಂದು ಸಲ, ಎರಡು ಸಲ, ಮೂರು ಸಲ ಸುತ್ತಿತು.

“ಗೆರೆಯೆಲ್ಲ ಸವೆದೋಗ್ಬುಟ್ಟದೆ. ಗಡ್ಡೆ ಉಳ್ಕೊಂಡದೆ,” ಎಂದರು ಪಿಸುದನಿಯಲ್ಲಿ. ಆಮೇಲೆ ಒಳಗೆ ಕೂಗಿದರು: “ಗಿರಿಜಾ, ಬಂದ್ಬುಡ್ತು ಕಣೇ!”

‘ಸುಳ್ಳು ಸಾರ್’ ಎಂದು ಆಗಲೇ ಹೇಳಬೇಕೆಂದು ಲೆಕ್ಕ ಹಾಕಿಕೊಂಡೇ ಹೋಗಿದ್ದೆ. ಗಿರಿಜಮ್ಮ ಶ್ಯಾವಿಗೆ ಪಾಯಸ ಮಾಡಿದರು. ನಾನು ಎರಡು ಲೋಟ ಕುಡಿದು ಮನೆಗೆ ಬಂದೆ. ಊರನ್ನೆಲ್ಲ ಅಣಕಿಸುವ ನನ್ನ ನಾಲಿಗೆಗೆ ಆ ಎರಡು ಪದ ಬರಲಿಲ್ಲ.

ಮುಂದಿನ ಭಾನುವಾರ ಅವರು ಆರನ್ನೂ ಸಾಲಾಗಿ ಮೇಜಿನ ಮೇಲಿಟ್ಟರು. ಹೊಸದಾಗಿ ಸೇರಿದ್ದ ಒಬ್ಬ ಸಣ್ಣ ವಯಸ್ಸಿನವನು ಆರನೆಯದನ್ನು ತಿರುಗಿಸಿ ನೋಡಿ ಮೆತ್ತಗೆ ಕೇಳಿದ: “ಸಾರ್, ಉಬ್ಬಿದ್ದೇ ಮೊದ್ಲು ಸವೀಬೇಕಲ್ವಾ? ರಾಣಿ ಮೂಗೇ ಸವೆದಿದೆ, ಗಡ್ಡೆ ಹೆಂಗೆ ಉಳೀತು?” ಬೇರೆ ಯಾರು ತಂದಿದ್ದರೂ ನಾಗಲಿಂಗಪ್ಪನವರು ಮೊದಲು ಕೇಳುತ್ತಿದ್ದ ಪ್ರಶ್ನೆ ಅದು. ಯಾರೋ ಬ್ಲೇಡಿನಿಂದ ಕೆರೆದರು. ಹಿತ್ತಾಳೆ ಹಳದಿಯಾಗಿ ಹಲ್ಲು ಕಿರಿಯಿತು.

“ಯಾರು ಕೊಟ್ಟಿದ್ದು ಇದನ್ನ?” ಎಂದು ಗುಂಪಿನಲ್ಲಿ ಒಬ್ಬರು ಕೇಳಿದರು.

ನಾನು ಮೂರನೆಯ ಸಾಲಿನಲ್ಲಿದ್ದೆ. ನಾಗಲಿಂಗಪ್ಪನವರ ಮಂಜು ಕಣ್ಣು ನಾನಿದ್ದ ಕಡೆ ಒಮ್ಮೆ ಹೊರಳಿತು. “ನಂಗೇ ಸಿಕ್ಕಿದ್ದು,” ಎಂದರು.

ಆಮೇಲೆ ಶುರುವಾಯಿತು ಮೆರವಣಿಗೆ. ಅವರ ಮಾತಿನ ಮೇಲೆ ನಾಣ್ಯ ಕೊಂಡವರೆಲ್ಲ ಒಬ್ಬೊಬ್ಬರಾಗಿ ಮನೆಗೆ ಬಂದು, “ಹಾಗಾದ್ರೆ ಇದೂ…?” ಎಂದು ಅಂಗೈ ಚಾಚುತ್ತಿದ್ದರು. ನಾಗಲಿಂಗಪ್ಪನವರು ಮುಟ್ಟುತ್ತಲೇ ಇರಲಿಲ್ಲ. “ಗೊತ್ತಿಲ್ಲಪ್ಪ” ಎನ್ನುತ್ತಿದ್ದರು. ಆ ಬಾಯಲ್ಲಿ ಆ ಮಾತನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅದೊಂದನ್ನು ಇವತ್ತಿಗೂ ಅವರ ದನಿಯಲ್ಲಿ ಅನ್ನಲು ನನಗೆ ಬರುವುದಿಲ್ಲ.

ಅವರು ತೀರಿಕೊಳ್ಳುವುದಕ್ಕೆ ಹದಿನೈದು ದಿನ ಮುಂಚೆ ಹೋಗಿದ್ದೆ. ಅಷ್ಟು ದಿನ ಮುಖ ತಪ್ಪಿಸಿಕೊಂಡು ಹಿಂದಿನ ಓಣಿಯಲ್ಲಿ ಓಡಾಡಿದವನು ನಾನು. ಜಗಲಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಕಾಲಾಣೆಗಳ ಬಿಸ್ಕತ್ ಡಬ್ಬ. ಆ ಐದನ್ನೂ ನೂರಾರು ಬೇರೆ ಕಾಲಾಣೆಗಳ ಜೊತೆ ಅದಕ್ಕೇ ಸುರಿದು ಕಲಸಿಬಿಟ್ಟರೆಂದು ಗಿರಿಜಮ್ಮ ಬಾಗಿಲಲ್ಲೇ ಹೇಳಿದ್ದರು. ಇನ್ನು ಹುಡುಕಿ ತೆಗೆಯಲು ಕಣ್ಣಿಲ್ಲ. ಕೈ ನೋಡಿದೆ. ಹತ್ತು ಬೆರಳೂ ಒಂದೇ ಥರ, ಉಗುರು ಬುಡಕ್ಕೆ ಕತ್ತರಿಸಿಕೊಂಡಿದ್ದರು.

ಏನು ಮಾತಾಡಲಿ? ಗೊತ್ತಿದ್ದದ್ದು ತಮಾಷೆಯೊಂದೇ.

“ಸಾರ್, ಈ ಭಾನುವಾರ ಎಲ್ಲರ ಮುಂದೆ ನಿಂತು ನಾನೇ ಮಾಡಿದ್ದು ಅಂತ ಹೇಳ್ಬುಡ್ತೀನಿ. ಬೇಕಾದ್ರೆ ನಿಮ್ಮ ದನೀಲೇ ಹೇಳ್ತೀನಿ.”

ಅವರು ನಗಲಿಲ್ಲ. ಡಬ್ಬದ ಮುಚ್ಚಳ ಒತ್ತಿ ಮುಚ್ಚಿದರು.

“ಯಾರ ದನೀಲಿ ಹೇಳಿದ್ರೂ ಅಷ್ಟೇ ಕಣೋ ಸೀನ. ಹೌದು ಅಂದಿದ್ದು ನನ್ನ ಉಗುರು.”