ಯಗೋದಾಳ ಓದುವ ಹಲಗೆ

ಕೈಯಲ್ಲಿ ಪುಸ್ತಕವಿಲ್ಲದಾಗ ಯಗೋದಾ ಒಂದೆಡೆ ಕೂತದ್ದನ್ನು ಮರುಭೂಮಿಯ ನಮ್ಮ ಗಣಿಯೂರು ಕೂಬರ್ ಪೀಡಿಯಲ್ಲಿ ಯಾರೂ ಕಂಡಿರಲಿಲ್ಲ. ಕ್ರೊಯೇಷಿಯಾದಿಂದ ಮದುವೆಯಾಗಿ ಬಂದವಳು ಗಂಡ ವಿಂಕೋನ ಜೊತೆ ಓಪಲ್ ಹರಳಿಗಾಗಿ ನೆಲ ಬಗೆದಳು. ಅವನು ತೀರಿಕೊಂಡ ಮೇಲೆ ಗಣಿಯವರು ಹೊರಗೆ ಸುರಿದ ಮಣ್ಣುಗುಡ್ಡೆಗಳನ್ನು ಒಬ್ಬಳೇ ಕೆದಕಿದಳು. ಸಂಜೆಯಾದರೆ ಬಂಡೆ ಕೊರೆದು ಮಾಡಿದ ಮನೆಯೊಳಗೆ ಓದುತ್ತ ಕೂರುವಳು. ನಾನು ಊರವರಿಗೂ ಪುಸ್ತಕ ಕೊಡುವ ಶಾಲೆಯ ಗ್ರಂಥಾಲಯ ನೋಡಿಕೊಳ್ಳುವವಳು. ವಾರವಾರವೂ ನನ್ನಿಂದ ಚೀಲ ತುಂಬ ಕೊಲೆಯ ಕಾದಂಬರಿ ಒಯ್ದು, ಕೊಲೆಗಾರನನ್ನು ಬೈಯುತ್ತಲೇ ವಾಪಸು ತರುತ್ತಿದ್ದಳು.

ಆಮೇಲೆ ಕಣ್ಣು ಕೈಕೊಟ್ಟಿತು. ಎತ್ತ ನೋಡಿದರೂ ನಟ್ಟನಡುವೆ ಒಂದು ಮಬ್ಬು ಮಚ್ಚೆ. ಅಡಿಲೇಡಿನ ವೈದ್ಯರು ಇನ್ನು ಇಷ್ಟೇ ಎಂದರು. ದೊಡ್ಡಕ್ಷರದ ಪುಸ್ತಕಗಳು ನನ್ನಲ್ಲಿದ್ದದ್ದೇ ನಾಲ್ಕಾರು. ಅವು ಮುಗಿದವು, ಯಗೋದಾಳ ತಿರುಗಾಟ ಹೆಚ್ಚಿತು. ಯಾರದೋ ಬಾಗಿಲು ಬಡಿಯುವಳು, ಕೊಟ್ಟ ಕಾಫಿಯನ್ನು ಅರ್ಧ ಕುಡಿಯುವಳು, ಎದ್ದು ಇನ್ನೊಂದು ಬಾಗಿಲಿಗೆ ಹೋಗುವಳು. "ಬಂದ್ಳಪ್ಪಾ ಬಿರುಗಾಳಿ!" ಎಂದು ಜನ ಒಳಗಿನಿಂದಲೇ ಅನ್ನುತ್ತಿದ್ದರು.

ಗ್ರಂಥಾಲಯಕ್ಕೆ ಒಂದಿಷ್ಟು ಇ-ರೀಡರುಗಳು, ಅಂದರೆ ಪುಸ್ತಕ ಓದುವ ಪುಟ್ಟ ಹಲಗೆಗಳು, ಬಂದಾಗ ಹಿರಿಯರಿಗೆ ತೋರಿಸೋಣವೆಂದು ಗಣಿಗಾರರ ಕ್ಲಬ್ಬಿಗೆ ಒಯ್ದೆ. "ಇದು ಫೋನಲ್ಲ, ರಿಂಗಾಗಲ್ಲ. ಕಣ್ಣಿಗೆ ಹೊಡೆಯೋ ಬೆಳಕೂ ಇಲ್ಲ. ಒಂದು ಕಪಾಟಿನಷ್ಟು ಪುಸ್ತಕ ಇದರೊಳಗೆ ಕೂರ್ತವೆ," ಎಂದೆ.

ಗಣಿಯಲ್ಲಿ ಮುದುಕನಾದ ಗ್ರೀಕ್ ಲೆಫ್ಟೆರಿಸ್ ಹಲಗೆಯನ್ನು ಮೂಸಿ ನೋಡಿದ. "ಪುಟ ತಿರುಗ್ಸೋಕೆ ಎಂಜಲು ಎಲ್ಲಿ ಹಚ್ಬೇಕು, ಗ್ಲೆನಿಸ್?" ಎಂದು ನನ್ನನ್ನು ಕೇಳಿದ.

"ನೀನು ಯಾವತ್ತೋ ಪುಟ ತಿರುಗ್ಸಿದ್ದು?" ಎಂದಳು ಯಗೋದಾ. "ನಿನಗೆ ಗೊತ್ತಿರೋದು ಬೀರಿನ ಪಟ್ಟಿ. ಅದಕ್ಕಿರೋದೇ ಒಂದು ಹಾಳೆ!"

ಎಲ್ಲರೂ ನಕ್ಕರು. ನಾನು ಅಕ್ಷರವನ್ನು ಹಿಗ್ಗಿಸುತ್ತ ಹೋದೆ. ಪರದೆಯ ಮೇಲೆ ನಾಲ್ಕೇ ಸಾಲು ಉಳಿದಾಗ ಅವಳು ಕತ್ತು ವಾರೆ ಮಾಡಿ, ಮಚ್ಚೆಯ ಪಕ್ಕದಿಂದ ಇಣುಕಿದಳು. ತುಟಿ ಅಲುಗಿತು. ನಗು ನಿಲ್ಲುವ ಮೊದಲೇ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

ಮೂರನೆಯ ದಿನ ಜಗಳಕ್ಕೆ ಬಂದಳು. "ಇನ್ನೆಷ್ಟು ಹಾಳೆ ಉಳಿದಿದೆ ಅಂತ ನನ್ನ ಹೆಬ್ಬೆರಳಿಗೆ ಗೊತ್ತಾಗ್ಬೇಕು ಕಣೇ. ಇದು ಶೇಕಡಾ ನಲವತ್ತು ಅನ್ನುತ್ತೆ. ಪುಸ್ತಕನಾ, ಪರೀಕ್ಷೆ ಮಾರ್ಕ್ಸಾ?" ಬಂಡೆಯೊಳಗೆ ಸಿಗ್ನಲ್ ಬಾರದು, ಹೊಸ ಪುಸ್ತಕ ಇಳಿಸಿಕೊಳ್ಳಲು ಹಲಗೆಯನ್ನು ಎತ್ತಿ ಹಿಡಿದು ಮನೆಯ ಮೇಲಿನ ದಿಬ್ಬಕ್ಕೆ ಹತ್ತಬೇಕು. ಅದಕ್ಕೂ ಬೈದಳು. ಆದರೆ ಹಲಗೆ ಮಾತ್ರ ವಾಪಸು ಕೊಡಲಿಲ್ಲ.

ಜನವರಿ, ಇಲ್ಲಿ ನಡುಬೇಸಿಗೆ, ಉರಿಬಿಸಿಲು. ಶಾಲೆಗೆ ರಜೆ. ಮಧ್ಯಾಹ್ನ ಲೆಫ್ಟೆರಿಸ್ ಫೋನ್ ಮಾಡಿದ. "ಬೇಗ ಬಾ ಮಾರಾಯ್ತಿ. ಆ ಹುಚ್ಚಿ ಶಾಲೆ ಗೇಟು ಹಿಡ್ಕೊಂಡು ಅಲ್ಲಾಡಿಸ್ತಾ ಇದ್ದಾಳೆ. ನನ್ನ ಗಾಡಿ ಹತ್ತು ಅಂದ್ರೆ ಹತ್ತಲ್ಲ."

ನಾನು ಹೋಗುವಷ್ಟರಲ್ಲಿ ಅವಳು ಗೇಟಿಗೊರಗಿ ಕುಸಿದಿದ್ದಳು. ಮುಖ ಕೆಂಡ, ತುಟಿ ಒಡೆದಿತ್ತು. ಇಬ್ಬರೂ ಎತ್ತಿ ಗಾಡಿಗೆ ಹಾಕಿ ಆಸ್ಪತ್ರೆಗೆ ಒಯ್ದೆವು. ಕೈಗೆ ಡ್ರಿಪ್ ಹಾಕಿದ ಮೇಲೆ ಕಣ್ಣು ಬಿಟ್ಟಳು.

"ಸತ್ತುಹೋಯ್ತು, ಗ್ಲೆನಿಸ್."

"ಯಾರು?"

"ಈ ಹಲಗೆ! ಕಾದಂಬರೀಲಿ ಕೊಂದಿದ್ದು ತೋಟದ ಮಾಲಿಯಾ, ಡಾಕ್ಟರಾ ಅಂತ ಇನ್ನೇನು ಹೇಳೋರಿದ್ರು. ಅಷ್ಟರಲ್ಲಿ ಕಪ್ಪಾಯ್ತು."

ಚಾರ್ಜ್ ಮಾಡಬೇಕೆಂದು ಹೇಳಿ ನಾನು ಕೊಟ್ಟ ತಂತಿಯನ್ನು ಎಲ್ಲೋ ಎಸೆದು ಮರೆತಿದ್ದಳು. ಲೆಫ್ಟೆರಿಸ್ ಗ್ರೀಕಿನಲ್ಲಿ ಏನೇನೋ ಬೈದ. ನಾನು ನರ್ಸಿನಿಂದ ಒಂದು ತಂತಿ ಕೇಳಿ ಪಡೆದು ಹಲಗೆಗೆ ಚುಚ್ಚಿದೆ. ಸ್ವಲ್ಪ ಹೊತ್ತಿಗೆ ಅವಳು ಬಿಟ್ಟಿದ್ದ ಪುಟವೇ ಮೂಡಿತು. ಡ್ರಿಪ್ ಹಾಕಿದ ಕೈಯಲ್ಲಿ ಅವಳಿಗೆ ಹಲಗೆ ಹಿಡಿಯಲಾಗಲಿಲ್ಲ. "ಓದೋ ಗ್ರೀಕ," ಎಂದಳು. ಅವನು ಗೊಣಗುತ್ತ, ತಡವರಿಸುತ್ತ ಕೊನೆಯತನಕ ಓದಿದ. ಮುಗಿಸಿ ಸುಮ್ಮನಿರಲಾಗದೆ ಕೇಳಿದ:

"ಅಲ್ಲ, ಡಾಕ್ಟರಿಗೆ ಆ ಸತ್ತವಳ ಮೇಲೇನು ಸಿಟ್ಟು?"

"ಮೊದಲಿಂದ ಓದು, ಗೊತ್ತಾಗುತ್ತೆ."

"ಪುಸ್ತಕ ನಿನ್ನ ಹತ್ರ ಇದೆಯಲ್ಲ."

"ಇದು ಹಳೇ ಪುಸ್ತಕ, ಇದರ ಹಕ್ಕು ಈಗ ಯಾರದೂ ಅಲ್ಲ," ಎಂದೆ ನಾನು. "ಅವಳದ್ದು ಅವಳಲ್ಲೇ ಇರುತ್ತೆ, ನಿನಗೂ ಒಂದು ಹಲಗೆ ಕೊಟ್ಟು ಅದಕ್ಕೂ ಹಾಕ್ಕೊಡ್ತೀನಿ. ಎಷ್ಟು ಜನ ಬೇಕಾದ್ರೂ ಒಟ್ಟಿಗೇ ಓದಬಹುದು."

ಯಗೋದಾ ಧಡಕ್ಕನೆ ಎದ್ದಳು. ಸೂಜಿ ಕಿತ್ತು ಬರುವುದೊಂದು ಬಾಕಿ. "ಒಟ್ಟಿಗೇನಾ? ಇದನ್ನ ಮೊದಲೇ ಹೇಳೋಕೆ ನಿನಗೇನಾಗಿತ್ತೇ?"

ಚೇತರಿಸಿಕೊಂಡವಳೇ ನನ್ನಲ್ಲಿ ಉಳಿದಿದ್ದ ಹಲಗೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಮನೆಮನೆ ಹತ್ತಿದಳು. ಇಲ್ಲಿ ಒತ್ತು, ಇಲ್ಲಿ ಹಿಗ್ಗಿಸು, ತಂತಿ ಎಸೆಯಬೇಡ. ಕಲಿಸುವ ತಾಳ್ಮೆ ಅವಳಿಗೆಲ್ಲಿಯದು! ಕೂಗಾಡಿಯೇ ಕಲಿಸಿದಳು. ಹೆದರಿಯೋ ಏನೋ, ಜನ ಕಲಿತರು. ಎಲ್ಲರಿಗೂ ಒಂದೇ ಪುಸ್ತಕ ಹಾಕಿಸಿ, ಅದರ ಬಗ್ಗೆ ವಾದಿಸಲು ಪ್ರತಿ ಬಾಗಿಲಿಗೂ ಹೋಗತೊಡಗಿದಳು.

"ಈಗಲಾದ್ರೂ ಮನೇಲಿ ಕೂತು ಓದಬಾರದಾ?" ಎಂದು ಕೇಳಿದೆ.

"ಓದೋದು ಕೂತೇ. ಓದಿದ್ಮೇಲೆ ಯಾರ ಹತ್ರ ಮಾತಾಡ್ಲಿ, ಗೋಡೆ ಹತ್ರನಾ?"

ಮೊನ್ನೆ ಲೆಫ್ಟೆರಿಸನ ಮನೆಯ ಮುಂದೆ ಹಾದುಹೋದೆ. ಯಗೋದಾ ಬಾಗಿಲಲ್ಲಿ ಶತಪಥ ತಿರುಗುತ್ತಿದ್ದಳು. ಒಳಗಿನಿಂದ ಅವನ ಕೂಗು: "ಇನ್ನೂ ಎರಡು ಅಧ್ಯಾಯ ಇದೆ! ಕೊಂದಿದ್ದು ಯಾರಂತ ಬಾಯಿ ಬಿಟ್ಟೆಯೋ, ಜೋಕೆ!"

"ನಿಧಾನಗೇಡಿ!" ಎಂದು ಕದಕ್ಕೊಂದು ಗುದ್ದಿದಳು. ಆಮೇಲೆ ನನ್ನ ತೋಳು ಹಿಡಿದೆಳೆದು, "ನೀನು ಮುಗಿಸಿದೆಯಾ?" ಎಂದಳು.