ಬೆಲ್ಲದ ಬದಲು ಜೇನು

ಸಣ್ಣವರಿದ್ದಾಗ ಹುಳದ ಔಷಧ ಕುಡಿಸುವ ಮುಂಚೆ ಅವ್ವ ನಮಗೆ ಬೆಲ್ಲದ ಹೆಂಟೆ ಕೊಡುತ್ತಿದ್ದಳು. ಸಿಹಿಯ ಆಸೆಗೆ ಹೊಟ್ಟೆಯ ಹುಳಗಳೆಲ್ಲ ಒಂದೆಡೆ ಕೂಡುತ್ತವೆ, ಆಮೇಲೆ ಕಹಿ ಕುಡಿಸಿದರೆ ಒಂದೂ ಉಳಿಯುವುದಿಲ್ಲ ಎಂಬುದು ಅವಳ ಲೆಕ್ಕ. ನಮ್ಮ ಕಡೆ ಬಹಳ ಮನೆಗಳಲ್ಲಿ ಅದೇ ಲೆಕ್ಕ. ನಾನು ಬೆಲ್ಲ ತಿಂದು, ಕಹಿ ಬರುವಷ್ಟರಲ್ಲಿ ಓಡಿಹೋಗುವವಳು. ಅಕ್ಕ ಹಾಗಲ್ಲ, ಅವ್ವ ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು. ಆ ಒಳ್ಳೆಯತನವೇ ಅವಳನ್ನು ಸಾವಿನ ಬಾಗಿಲತನಕ ಒಯ್ದಿತು.

ಅಕ್ಕ ಶಹಾಬಾದದಲ್ಲಿ ಮನೆಯಲ್ಲೇ ಸೀರೆಯ ಜಂಪರ್ ಹೊಲಿಯುತ್ತಾಳೆ. ಕಳೆದ ವರ್ಷ ಅವಳಿಗೆ ಹೊಟ್ಟೆ ಉರಿ ಹಿಡಿದುಕೊಂಡಿತು. ಉಂಡರೂ ಉರಿ, ಉಪವಾಸವಿದ್ದರೂ ಉರಿ. ಭಾವ ಕಲಬುರಗಿಗೆ ಕರೆದೊಯ್ದ. ಡಾಕ್ಟರು ಬಾಯಿಂದ ನಳಿಕೆ ಇಳಿಸಿ ನೋಡಿ, ಹುಣ್ಣಾಗಿದೆ, ಅದಕ್ಕೆ ಕಾರಣ ಬ್ಯಾಕ್ಟೀರಿಯಾ ಎಂದರಂತೆ. ಗಂಡ ಹೆಂಡತಿ ಇಬ್ಬರೂ ಮಿಕಿಮಿಕಿ ನೋಡಿದ್ದಕ್ಕೆ ಅವರೇ ಸುಲಭ ಮಾಡಿದರು: "ಹೊಟ್ಟ್ಯಾಗ ಹುಳ ಆಗ್ಯಾವಮ್ಮ. ಈ ಗುಳಿಗಿ ಒಂದೂ ಬಿಡದಂಗ ತೊಗೋರಿ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಹುಳ ಎಂದರೆ ನಮಗೆ ಹುಳವೇ. ಅಕ್ಕ ಗುಳಿಗೆಗಳನ್ನು ದಾರದ ಡಬ್ಬಿಯಲ್ಲಿ ಜೋಪಾನ ಮಾಡಿದಳು. ಮೊದಲು ಸಿಹಿ, ಆಮೇಲೆ ಕಹಿ. ಹೊಟ್ಟೆಯ ಹುಣ್ಣಿಗೆ ಜೇನಿನಂಥ ಮದ್ದಿಲ್ಲ ಎಂದು ಓಣಿಯವರು ಹೇಳಿದರು, ಮೊಬೈಲಿನಲ್ಲೂ ಯಾರೋ ಹೇಳಿದರು. ಹೀಗಾಗಿ ಬೆಲ್ಲದ ಬದಲು ಜೇನು. ಭಾವ ಚಿಂಚೋಳಿಯ ಕಾಡಿನ ಕಡೆಯಿಂದ ಮೇಣದ ಚೂರು ತೇಲುವ ಜೇನುತುಪ್ಪ ತಂದುಕೊಟ್ಟ. ದಿನಾ ಬರಿ ಹೊಟ್ಟೆಗೆ ಒಂದು ಚಮಚ. ಉರಿ ಸ್ವಲ್ಪ ತಗ್ಗಿತು ಕೂಡ. ತಗ್ಗದೆ ಇದ್ದಿದ್ದರೆ ಗುಳಿಗೆಯ ನೆನಪಾದರೂ ಆಗುತ್ತಿತ್ತು ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ನಾನು ಇರುವುದು ವಾಡಿಯಲ್ಲಿ. ಫೋನಿನಲ್ಲಿ ಕೇಳಿದಾಗಲೆಲ್ಲ ಔಷಧ ನಡೆದಿದೆ ಎನ್ನುತ್ತಿದ್ದಳು. ಸುಳ್ಳಲ್ಲ, ಅವಳ ಪಾಲಿಗೆ ಜೇನೇ ಔಷಧದ ಮೊದಲರ್ಧ. ಒಂದು ದಿನ ಅವಳೇ ಫೋನು ಮಾಡಿ, ಹುಳ ಸತ್ತು ಹೊರಬೀಳುತ್ತಿವೆ ಎಂದು ಖುಷಿಯಿಂದ ಹೇಳಿದಳು.

"ಡಾಂಬರದಂಗ ಕರ್ರಗ ಹೊಂಟದ. ಇನ್ನ ಆ ಗುಳಿಗಿ ಯಾತಕ್ಕ ಬೇಕು?"

ಗುಳಿಗೆ ಶುರುವೇ ಮಾಡಿಲ್ಲವೆಂದು ನನಗೆ ಗೊತ್ತಾದದ್ದು ಆಗಲೇ. ಬಾಯಿಗೆ ಬಂದಂತೆ ಬೈದೆ. ಮಲ ಕರ್ರಗೆ ಹೋಗುವುದೆಂದರೆ ಏನೆಂದು ನನಗೂ ತಿಳಿದಿರಲಿಲ್ಲ, ಆದರೂ ಕೂಡಲೇ ಹೊರಟೆ. ಸಿಕ್ಕ ರೈಲು ಹತ್ತಿದೆ.

ಅಕ್ಕ ಮಷೀನಿನ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. ಮುಖದಲ್ಲಿ ಬಣ್ಣವೇ ಇರಲಿಲ್ಲ. ನನ್ನನ್ನು ನೋಡಿ ಚಹಾ ಮಾಡಲು ಎದ್ದವಳು ಅಲ್ಲೇ ಕುಸಿದಳು. ಪಕ್ಕದ ಮನೆಯವರ ಕಾರಿನಲ್ಲಿ ಭಾವನೂ ನಾನೂ ಕಲಬುರಗಿಗೆ ಒಯ್ದೆವು. ದಾರಿಯುದ್ದಕ್ಕೂ ಅವಳ ತಣ್ಣನೆಯ ಕೈ ಹಿಡಿದುಕೊಂಡು ನಾನು ಭಾವನನ್ನು ಬೈಯುತ್ತಲೇ ಇದ್ದೆ. ನಿಲ್ಲಿಸಿದರೆ ಅಳು ಬರುತ್ತಿತ್ತು.

ರಕ್ತ ಏರಿಸಿದ ಮೇಲೆ ಅವಳು ಸರಿಯಾಗಿ ಕಣ್ಣು ಬಿಟ್ಟಳು. ಮೊದಲು ನೋಡಿದ ಡಾಕ್ಟರೇ ಬಂದು ಎಲ್ಲವನ್ನೂ ಕೇಳಿದರು. ಜೇನು ತಿಂದದ್ದು ತಪ್ಪಲ್ಲ, ಆದರೆ ಅದು ಗುಳಿಗೆಯ ಕೆಲಸ ಮಾಡುವುದಿಲ್ಲ ಎಂದರು. ಕರ್ರಗೆ ಹೋದದ್ದು ಹುಳವಲ್ಲ, ಹುಣ್ಣಿನಿಂದ ಒಸರಿದ ರಕ್ತ ಎಂದರು. ಹುಳ ಎಂದವರು ನೀವೇ ಅಲ್ಲವೇ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಕ್ಕನ ಜೀವ ಅವರ ಕೈಯಲ್ಲಿತ್ತು, ನುಂಗಿಕೊಂಡೆ.

ಅವರು ಹೋದ ಮೇಲೆ ಅಕ್ಕ ನನ್ನ ಕಡೆ ಹೊರಳಿದಳು.

"ಹುಳ ಹೋಗಲಿಕತ್ತಾವಂತ ನಾ ದಿನಾ ದೇವರಿಗಿ ಊದಿನಕಡ್ಡಿ ಹಚ್ಚತಿದ್ನಲ್ಲ," ಎಂದಳು. "ನನ್ನ ರಕ್ತ ಹೋಗೋದಕ್ಕ ಹಚ್ಚಿದಂಗಾತು."